ಆದರೆ

ವಿರಾಜಪೇಟೆ ಕೋರ್ಟಿನಲ್ಲಿ ಭಾಷಾಂತರ ನನ್ನ ಕೆಲಸ.
ಪರೀಕ್ಷೆ ಪಾಸಾದವನಲ್ಲ, ಇನ್‌ಚಾರ್ಜು.
ಪಾಸಾದವರು ಬರುವ ತನಕ ಎಂದು ಕೂರಿಸಿದ್ದರು.
ಹನ್ನೊಂದು ವರ್ಷವಾಯಿತು,
ಕುರ್ಚಿಯ ಬೆತ್ತ ಎರಡು ಸಲ ಹೆಣೆಸಿದ್ದೇನೆ.

ಆ ಸೋಮವಾರದ ಕಡತದಲ್ಲಿ
ಒಂದೇ ಇಂಗ್ಲಿಷ್ ಪದ, ಎರಡು ಕಡೆ.
ಮೊದಲು ಡಾಕ್ಟರರ ದೂರಿನಲ್ಲಿ:
ಸಿದ್ದಾಪುರದಾಚೆಯ ತೋಟದ ಲೈನಿನಲ್ಲಿ
ಅಪೊಲಿನ್ ಲೋಬೊ ಎಂಬ ಹೆಂಗಸು
ಸೂಜಿ ಚುಚ್ಚುತ್ತಾಳೆ, ಹೊಲಿಗೆ ಹಾಕುತ್ತಾಳೆ,
ಈಕೆ ಅನ್‌ಕ್ವಾಲಿಫೈಡ್.
ಬರೆದೆ: ಅರ್ಹತೆ ಇಲ್ಲದವಳು.

ಮತ್ತೆ ಕೊನೆಯ ಹಾಳೆಯಲ್ಲಿ,
ವಕೀಲ ಉತ್ತಯ್ಯನವರ ಇರುವೆಸಾಲಿನ ಕೈಬರಹ:
ಈಕೆ ಅನ್‌ಕ್ವಾಲಿಫೈಡ್ ಕ್ಷಮೆ ಕೇಳಿದರೆ
ದೂರು ವಾಪಸ್.
ಪೆನ್ನು ನಿಂತಿತು.
ಅರ್ಹತೆ ಇಲ್ಲದ ಕ್ಷಮೆಯೇ?

ರಟ್ಟು ಕಿತ್ತ ನಿಘಂಟು ತೆಗೆದೆ.
ಒಂದು: ಯೋಗ್ಯತಾಪತ್ರವಿಲ್ಲದ.
ಎರಡು: ಷರತ್ತಿಲ್ಲದ, ಮಿತಿಯಿಲ್ಲದ, ಪೂರ್ಣ.
ನಮ್ಮಲ್ಲಾದರೆ
ಇಲ್ಲಕ್ಕೂ ಎಲ್ಲಕ್ಕೂ ಒಂದಕ್ಷರದ ಅಂತರವಾದರೂ ಇದೆ.

ಅವಳು ಜಗಲಿಯ ಬೆಂಚಿನಲ್ಲಿ ಕೂತಿದ್ದಳು,
ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು,
ಮಡಿಲಲ್ಲಿ ಸತ್ತ ಗಂಡನ ಚರ್ಮದ ಚೀಲ.
ಕಾಂಪೌಂಡರ್ ಸಾಲ್ವದೋರನ ಸಿರಿಂಜು ಕುದಿಸಿ ಕುದಿಸಿ
ಹತ್ತೊಂಬತ್ತು ವರ್ಷ ಕಲಿತದ್ದು, ಕೇಳದೆ, ಹೇಳಿಸಿಕೊಳ್ಳದೆ.
ಅವನನ್ನು ಮಣ್ಣು ಮಾಡಿದ ಮೂರನೇ ರಾತ್ರಿ
ಬಾಗಿಲು ಬಡಿದರು.
ಮೆಣಸಿನ ಏಣಿಯಿಂದ ಬಿದ್ದ ಎರವರ ಕರ್ಪ,
ಮೊಣಕಾಲಿನ ಮೂಳೆ ಹೊರಗೆ.
ಕಾಂಪೌಂಡರು ಇಲ್ಲ ಎನ್ನಬೇಕೆಂದು ಬಾಯಿ ತೆರೆದವಳು
ನೀರು ಕಾಯಿಸಿ ಎಂದಳಂತೆ.

ಡಾಕ್ಟರರನ್ನು ಕೆಟ್ಟವರೆನ್ನಲಾರೆ.
ಹಾಸನದ ಹುಡುಗ, ಸ್ಟೆಥಸ್ಕೋಪಿಗೆ ಇನ್ನೂ ಹೊಸ ರಬ್ಬರಿನ ವಾಸನೆ.
ಟೆಸ್ಟ್ ಡೋಸ್ ಕೊಡದೆ ಪೆನಿಸಿಲಿನ್ ಚುಚ್ಚಿದರೆ
ಆಳು ನಿಂತಲ್ಲೇ ಹೋಗಬಹುದು ಎಂದರು. ನಿಜ.
ರಾತ್ರಿ ಎಂಟರ ಮೇಲೆ ಸಿದ್ದಾಪುರದಲ್ಲಿ ಡಾಕ್ಟರರೇ ಇಲ್ಲ.
ಅದೂ ನಿಜ.
ಅದನ್ನು ಯಾರೂ ದೂರಿನಲ್ಲಿ ಬರೆದಿರಲಿಲ್ಲ,
ಬರೆಯದ್ದನ್ನು ನಾನು ಭಾಷಾಂತರಿಸುವಂತಿಲ್ಲ.

ಕ್ಷಮೆ ಎಂದರೆ ಹೇಗೆ ಬರೆಯುವುದು, ಕೇಳಿದಳು.
ಷರತ್ತು ಇರಬಾರದು ಅಮ್ಮ, ಅಷ್ಟೇ.
ಸುಮ್ಮನಿದ್ದಳು.
ಆಮೇಲೆ, ನನಗಲ್ಲ ಎಂಬಂತೆ, ಚೀಲದ ಬಕ್ಕಲಿಗೆ ಹೇಳಿದಳು:
ಒಂದು ಮಗು ಈ ಕೈಯಲ್ಲೇ ಹೋಗಿದೆ.
ಹೆಸರಿಟ್ಟಿರಲಿಲ್ಲ ಅದಕ್ಕೆ.
ಅದರ ಹತ್ತಿರ ದಿನಾ ಕೇಳುತ್ತೇನೆ.
ಅಲ್ಲಿ ವಕೀಲರು ಬೇಡ.

ಬರೆದುಕೊಟ್ಟಳು, ಮಿಷನ್ ಶಾಲೆಯ ದುಂಡು ಅಕ್ಷರ:
ತಪ್ಪಾಯಿತು. ಆದರೆ ರಾತ್ರಿ ಬಾಗಿಲು ಬಡಿದರೆ ತೆಗೆಯುತ್ತೇನೆ.

ಉತ್ತಯ್ಯನವರು ಕನ್ನಡಕ ಏರಿಸಿದರು.
ಇದು ನಡೆಯದು. ಈ ಆದರೆ ಇದೆಯಲ್ಲ, ಅದೇ ಷರತ್ತು.
ಹೊಡೆದು ಹಾಕಿ.

ಅಷ್ಟೇ ತಾನೇ, ಎಂದಳು.
ಮೂರಕ್ಷರದ ಮೇಲೆ ಒಂದು ಗೀಟು ಎಳೆದಳು,
ಹೊಲಿಗೆಯ ನೂಲು ಕತ್ತರಿಸುವಷ್ಟು ಹೊತ್ತು.

ತಪ್ಪಾಯಿತು.
ರಾತ್ರಿ ಬಾಗಿಲು ಬಡಿದರೆ ತೆಗೆಯುತ್ತೇನೆ.

ಉತ್ತಯ್ಯನವರು ಓದಿದರು. ಇನ್ನೊಮ್ಮೆ ಓದಿದರು.
ಹೊಡೆದು ಹಾಕಲು ಪದ ಹುಡುಕಿದರು, ಸಿಗಲಿಲ್ಲ.
ಡಾಕ್ಟರ್ ಹುಡುಗ ಕಿಟಕಿಯಾಚೆ
ಗೋಣಿಕೊಪ್ಪಲಿನ ಬಸ್ಸು ತಿರುಗುವುದನ್ನೇ ನೋಡುತ್ತಿದ್ದ,
ಆಮೇಲೆ, ಸಾಕು ಬಿಡಿ ಸಾರ್, ಎಂದ.

ಇಂಗ್ಲಿಷಿಗೆ ಇಳಿಸಿ ಟೈಪು ಮಾಡಿದೆ.
ತಲೆಬರಹ: ಅಪೊಲಿನ್ ಲೋಬೊ, ಅನ್‌ಕ್ವಾಲಿಫೈಡ್.
ಕ್ಷಮೆ ಎಂಬ ಪದ ಮುಂದಿನ ಸಾಲಿಗೆ ಹೋಯಿತು,
ಹಾಳೆಯಲ್ಲಿ ಜಾಗ ಇರಲಿಲ್ಲ.
ಯಾವ ಅರ್ಥದಲ್ಲಿ ಎಂದು ಯಾರೂ ಕೇಳಲಿಲ್ಲ.
ಕೆಳಗೆ ನನ್ನ ರುಜು, ಆವರಣದಲ್ಲಿ ಇನ್‌ಚಾರ್ಜು.

ಮೆಟ್ಟಿಲಿಳಿಯುವಾಗ ನಿಂತು
ನನ್ನ ತೋರುಬೆರಳು ಹಿಡಿದು ನೋಡಿದಳು.
ಉಗುರುಸುತ್ತು.
ಬಿಸಿನೀರಿಗೆ ಉಪ್ಪು ಹಾಕಿ ಅದ್ದು,
ಎರಡು ದಿನಕ್ಕೆ ಇಳಿಯದಿದ್ದರೆ ಬಾ.
ರಾತ್ರಿಯಾದರೂ ಸರಿ.